ಎಂಜಿನ್ನಿನ ಮೇಲಿನ ದೂರು

ಗುಡ್ಡದ ಮೇಲಿನ ಆಶ್ರಮದಲ್ಲಿ ಅಡುಗೆಯ ಫಕೀರವ್ವನಿಗೆ ಹಾವು ಕಚ್ಚಿತು. ಸೌದೆ ರಾಶಿಗೆ ಕೈ ಹಾಕಿದ್ದೇ ನೆಪವಾಯಿತು.

ಆಸ್ಪತ್ರೆ ಇದ್ದದ್ದು ಕೆಳಗೆ, ಹೊಳೆಯಾಚೆ. ಆಶ್ರಮಕ್ಕಿದ್ದದ್ದು ಒಂದೇ ಮುದಿ ಜೀಪು. ಅದರ ವಯಸ್ಸು ಅದಕ್ಕೇ ಮರೆತಿತ್ತು. ಅದನ್ನು ಓಡಿಸಬಲ್ಲವನು ಶಿಷ್ಯ ದುಂಡೇಶನೊಬ್ಬನೇ.

ಫಕೀರವ್ವನನ್ನು ಹಿಂದೆ ಮಲಗಿಸಿ, ಗುರು ಚರಂತಯ್ಯಜ್ಜ ಅವಳ ಪಕ್ಕ ಕೂತರು. ದುಂಡೇಶ ಜೀಪನ್ನು ಇಳಿಜಾರಿಗೆ ಬಿಟ್ಟ.

ಒಂದೆರಡು ತಿರುವು ದಾಟುವಷ್ಟರಲ್ಲಿ ಸದ್ದು ಶುರುವಾಯಿತು. ಟಕ್, ಟಕ್, ಟಕ್.

“ಹಾಳಾದ ಎಂಜಿನ್ನು!” ದುಂಡೇಶ ಹಲ್ಲು ಕಡಿದ. “ಇದನ್ನ ಎಂದೋ ಗುಜರಿಗೆ ಹಾಕಬೇಕಿತ್ತು ನೋಡ್ರಿ ಅಜ್ಜಾರ. ಇವತ್ತೇ ಕೈ ಕೊಡಬೇಕೇನ್ರಿ?”

“ಸದ್ದು ಎಲ್ಲಿಂದ ಬರಾಕತ್ತೈತಿ?”

“ಎಂಜಿನ್ನಿಂದರಿ. ಮತ್ತೆಲ್ಲಿಂದ ಬರತೈತಿ?”

“ಗಾಡಿ ನಿಂದ್ರಸು.”

ದುಂಡೇಶನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಅವ್ವ ಉಳೀಬೇಕೋ ಬ್ಯಾಡೋ? ಈಗ ನಿಂತ್ರ ಹೆಂಗ್ರಿ?”

“ಉಳೀಬೇಕು. ಅದಕ್ಕಽ ನಿಂದ್ರಸು.”

“ದುಂಡ್ಯಾ, ಕಣ್ಣು ತೆರ್ಯಾಕ ಬರವಲ್ದೋ,” ಎಂದಳು ಹಿಂದಿನಿಂದ ಫಕೀರವ್ವ.

ಅವಳ ಕೈಯ ರೊಟ್ಟಿ ತಿಂದೇ ಬೆಳೆದವನು ಅವನು. ಎದೆ ಒಡೆದುಹೋಗುವಷ್ಟು ಭಯವಾಯಿತು. ಗುರುವಿನ ಮಾತನ್ನೂ ಲೆಕ್ಕಿಸದೆ ಇನ್ನಷ್ಟು ಜೋರು ಓಡಿಸಿದ. ಸದ್ದೂ ಜೋರಾಯಿತು. ಅದು ಕೇಳಿಸದಿರಲೆಂದು ಗಟ್ಟಿಯಾಗಿ ಭಜನೆ ಹೇಳತೊಡಗಿದ.

“ಹಾಡೂ ನಿಂದ್ರಸು, ಗಾಡೀನೂ ನಿಂದ್ರಸು!”

ಅಜ್ಜ ಎಂದೂ ಗದರಿದವರಲ್ಲ. ಜೀಪು ನಿಂತಿತು. ಎಡಕ್ಕೆ ಪ್ರಪಾತವಿತ್ತು. ದುಂಡೇಶ ಕೀಲಿಗೆ ಕೈ ಹಾಕಿದ.

“ಎಂಜಿನ್ ಬಂದ್ ಮಾಡಬ್ಯಾಡ. ಕೇಳು.”

ಕೇಳಿದ. ಎಂಜಿನ್ನು ಎಂದಿನಂತೆ ಗುರುಗುಡುತ್ತಿತ್ತು. ಟಕ್ ಟಕ್ ಇರಲಿಲ್ಲ.

“ಈಗ ಮುಂದ ಬಿಡು. ಸಾವಕಾಶ.”

ಗಾಲಿಗಳು ಉರುಳಿದವು. ಟಕ್. ಟಕ್.

ಸದ್ದು ಎಂಜಿನ್ನಿನದಲ್ಲ, ಗಾಲಿಯದು ಎಂದು ದುಂಡೇಶನಿಗೆ ಹೊಳೆಯಿತು. ಮುಂಜಾನೆ ಪಂಕ್ಚರಾದ ಗಾಲಿ ಬದಲಿಸಿದವನು ಅವನೇ. ನಟ್ಟುಗಳನ್ನು ಕೈಯಿಂದ ತಿರುಗಿಸಿ, ಬಿಗಿಯಲು ಪಾನಾ ಎತ್ತಿಕೊಳ್ಳುವಾಗ, ಪರವೂರಿನ ಭಕ್ತನೊಬ್ಬ ಇವನೇ ಸ್ವಾಮಿಗಳೆಂದು ತಿಳಿದು ಕಾಲಿಗೆ ಬಿದ್ದಿದ್ದ. ಹುಟ್ಟಿದಾಗಿನಿಂದ ಯಾರೂ ಇವನ ಕಾಲಿಗೆ ಬಿದ್ದಿರಲಿಲ್ಲ. ಇವನೂ ಗತ್ತಿನಿಂದ ಕೈ ಎತ್ತಿ ಆಶೀರ್ವಾದ ಮಾಡಿದ್ದ. ಅಂಥ ಹೊತ್ತಿನಲ್ಲಿ ಪಾನಾ ಯಾರಿಗೆ ನೆನಪಿರುತ್ತದೆ?

ಜೀಪು ನಿಲ್ಲಿಸಿ, ಹಾರಿ ಇಳಿದು ಆ ಗಾಲಿಯ ಹತ್ತಿರ ಓಡಿದ. ಒಂದು ನಟ್ಟು ಉದುರಿಹೋಗಿತ್ತು. ಉಳಿದವು ಬೆರಳಿಗೇ ತಿರುಗಿದವು.

ಪಾನಾ ಹಿಡಿದು, ಮೈಭಾರವನ್ನೆಲ್ಲ ಹಾಕಿ ಬಿಗಿದ. ಮತ್ತೆ ಹೊರಟಾಗ ಆ ಸದ್ದು ಬರಲಿಲ್ಲ. ಹೊಳೆ ದಾಟಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಸಂಜೆ ಡಾಕ್ಟರು ಹೊರಗೆ ಬಂದು, ಇನ್ನು ಜೀವಕ್ಕೆ ಅಪಾಯವಿಲ್ಲ ಎಂದರು. ದುಂಡೇಶ ಆಸ್ಪತ್ರೆಯ ಅಂಗಳದಲ್ಲೇ ಗುರುವಿನ ಕಾಲು ಹಿಡಿದು ಅತ್ತ. ಮುಂಜಾನೆಯ ಆಶೀರ್ವಾದದ ಸಂಗತಿಯನ್ನೂ ಮುಚ್ಚಿಡಲಿಲ್ಲ.

“ತಪ್ಪು ನಂದ್ರಿ ಅಜ್ಜಾರ. ಮೂರೂ ಮಂದಿ ಹೋಗಿಬಿಡ್ತಿದ್ವಿ. ಕ್ಷಮಾ ಮಾಡ್ರಿ.”

ಅಜ್ಜ ಮೆಲ್ಲಗೆ ಕಾಲು ಬಿಡಿಸಿಕೊಂಡರು. ಬೇವಿನ ಮರದ ಕೆಳಗೆ ನಿಂತಿದ್ದ ಜೀಪಿನ ಕಡೆ ನೋಡಿದರು.

“ನನ್ನನ್ಯಾಕ ಕೇಳ್ತಿ? ನೀ ಬೈಕೋತ ಬಂದದ್ದು ಎಂಜಿನ್ನಿಗೆ.”