ತೆಂಗಿನ ಬುಡಕ್ಕೆ ಹೋದ ಬೂತಾಯಿ

ಶಿಷ್ಯ ದೇಜಪ್ಪ ಬಸುರಿ ಹೆಂಡತಿಯ ಬಟ್ಟಲಿನಿಂದ ಮೀನು ಕಿತ್ತುಕೊಂಡ. ಕಿತ್ತುಕೊಂಡು ಮೂರು ತಿಂಗಳಾದ ಮೇಲೆ ಗುರುವನ್ನು ಕೇಳಲು ಬಂದ.

"ಗುರುಗಳೇ, ನಿಮ್ಮ ಶಿಷ್ಯನಾದ ಮೇಲೆ ಮನೆಗೆ ಮೀನು ತರುವುದನ್ನು ನಿಲ್ಲಿಸಿದೆ. ಹುಟ್ಟುವ ಮಗು ಸಾತ್ವಿಕವಾಗಿರಲಿ ಎಂದು. ಅವಳು ಗಂಜಿ, ಉಪ್ಪಿನಕಾಯಿ ತಿನ್ನುತ್ತಿದ್ದಾಳೆ. ಈಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಯಾವ ವ್ರತ ಹಿಡಿಸಲಿ?"

"ಇನ್ನೊಂದು ವ್ರತ ಬೇರೆ ಬೇಕೋ ನಿನಗೆ?" ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೀನುಗಾರನಿದ್ದ. ಅವನ ಬಲೆಗೆ ಬೂತಾಯಿ ರಾಶಿ ರಾಶಿ ಬೀಳುತ್ತಿತ್ತು. ಗೇಣುದ್ದವೂ ಇಲ್ಲದ ಮುಳ್ಳು ಮೀನು. ಸ್ವಂತ ದೋಣಿ ಇಟ್ಟವನು ಅದನ್ನು ಉಣ್ಣುವುದು ಅವಮಾನ ಎಂದುಕೊಂಡ. ದೊಡ್ಡ ಮೀನನ್ನು ಪೇಟೆಗೆ ಮಾರಿದ. ಬೂತಾಯಿಯನ್ನು ತೆಂಗಿನ ಬುಡದಲ್ಲಿ ಹೂತ. ಬಸುರಿ ಹೆಂಡತಿ ಮನೆಯಲ್ಲಿ ತಿಳಿಸಾರು ಉಂಡಳು. ಮರ ಸೊಕ್ಕಿ ಬೆಳೆಯಿತು. ಅವಳು ಬಿಳಚಿಕೊಂಡಳು.

ಸೂಲಗಿತ್ತಿ ಬಂದಳು. ಹೆಂಡತಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಅಂಗಳಕ್ಕೆ ಬಂದು ಮರವನ್ನೂ ನೋಡಿದಳು.

"ಇದಕ್ಕೆ ಏನು ಹಾಕುತ್ತೀ ಮಾರಾಯ?"

"ಬೂತಾಯಿ, ಅಕ್ಕಾ. ಅದರಷ್ಟು ಸತ್ವ ಯಾವ ಗೊಬ್ಬರದಲ್ಲೂ ಇಲ್ಲ."

"ಅಷ್ಟು ಗೊತ್ತಿದೆಯಲ್ಲ. ಮರಕ್ಕೆ ಹೆರಿಗೆ ಯಾವಾಗ?"

ಸೂಲಗಿತ್ತಿ ಅಷ್ಟಕ್ಕೇ ಬಿಡಲಿಲ್ಲ. ಆ ಮೀನಿನ ಕೊಬ್ಬು ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೂ ಕಣ್ಣಿಗೂ ಬೇಕು ಎಂದಳು. ಮೆತ್ತಗೆ ಬೆಂದ ಮುಳ್ಳು ಎಲುಬಿಗೆ ಒಳ್ಳೆಯದು, ಮಾಂಸದಿಂದ ತಾಯಿಗೆ ರಕ್ತ ಕೂಡುತ್ತದೆ ಎಂದಳು. ಹಬ್ಬಕ್ಕೊಮ್ಮೆ ತಿಂದರೆ ಆಗದು, ವಾರಕ್ಕೆ ಎರಡು ಸಲವಾದರೂ ತಿನ್ನಿಸು ಎಂದು ಗದರಿದಳು. ಮರುದಿನದಿಂದ ಅವನ ಬುಟ್ಟಿ ಮೊದಲು ಅಡುಗೆಮನೆಗೆ ಹೋಯಿತು. ಹೆರಿಗೆಯ ಹೊತ್ತಿಗೆ ಹೆಂಡತಿಗೆ ಬಲ ಬಂದಿತ್ತು.

ಗುರು ಕತೆ ನಿಲ್ಲಿಸಿದರು. ದೇಜಪ್ಪ ಇನ್ನೂ ಕುಳಿತೇ ಇದ್ದ.

"ಆದರೆ ಗುರುಗಳೇ, ಆ ಮೀನುಗಾರ ಯಾರ ಶಿಷ್ಯನೂ ಅಲ್ಲ. ನನಗೆ ನಿಯಮವಿದೆಯಲ್ಲ?"

"ನಿಯಮ ಹಿಡಿದವನು ನೀನು, ಗಂಜಿಯನ್ನು ನೀನು ಕುಡಿ, ಈಗ ಎದ್ದು ದಡಕ್ಕೆ ಹೋಗಿ ಅವಳಿಗೆ ಮೀನು ಕೊಂಡುಹೋಗು."