ಕೆಂಪರಾಜ ಕ್ಯಾಮೆರಾ ಜೋಪಾನ ಮಾಡಿದ್ದು

ಕೇಳಿದಿರಾ, ಸಣ್ಣಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಕೆಂಪರಾಜ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವಳ ಗೋಳು.

ಸಣ್ಣಮ್ಮನ ಮದುವೆಗೆ ಫೋಟೋ ತೆಗೆಸಿರಲಿಲ್ಲ. ಅದಕ್ಕೇ ಮಗಳು ಹೊನ್ನಾಜಿಯ ಮದುವೆಯದಾದರೂ ಬೇಕೇ ಬೇಕು ಅಂತ ಅವಳ ಹಟ. ತಮ್ಮ ಮಾರಪ್ಪ ಅದೇ ಊರಿನ ಫೋಟೋಗ್ರಾಫರ್. ಅವನದು ರೀಲು ಹಾಕುವ ಕ್ಯಾಮೆರಾ.

"ಕೆಂಪಾ, ಸ್ಟುಡಿಯೋಕ್ಕೆ ಓಡು! ಮಾವನ ಕ್ಯಾಮೆರಾ ತಗೊಂಡು ಬಾ. ಚೀಲದ ಪಟ್ಟಿ ಬಿಡಬೇಡ!"

ಓಡಿದ. ಪಟ್ಟಿ ಬಿಡಲೇ ಇಲ್ಲ. ಕರುವನ್ನು ಎಳೆದ ಹಾಗೆ ಬೀದಿಯುದ್ದಕ್ಕೂ ಎಳೆದುಕೊಂಡು ಬಂದ! ಚರ್ಮದ ಚೀಲವಿತ್ತು, ಕ್ಯಾಮೆರಾ ಉಳಿಯಿತು.

"ಲೋ ಪೆದ್ದೇ! ಅದನ್ನ ಕೊರಳಿಗೆ ಹಾಕ್ಕೊಂಡು ಬರಬೇಕು ಕಣೋ!"

"ಆಗಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ರೀಲು ತರಲು ಹೋದ. ರೀಲಿಗೆ ಪಟ್ಟಿ ಎಲ್ಲಿದೆ? ಡಬ್ಬಿಯಿಂದ ತುದಿಯೊಂದು ಇಣುಕುತ್ತಿತ್ತು. ಎಳೆದ, ಎಳೆದ, ಪೂರ್ತಿ ಎಳೆದ! ಹಾರದ ಹಾಗೆ ಕೊರಳಿಗೆ ಸುತ್ತಿಕೊಂಡು ಬಿಸಿಲಲ್ಲಿ ಬಂದ. ರೀಲಿಗೆ ಬೆಳಕು ತಾಗಿದರೆ ಮುಗಿಯಿತು, ಫೋಟೋ ಬರುವುದಿಲ್ಲ.

"ಅಯ್ಯೋ ನನ್ನ ಹಣೆಬರಹವೇ! ಇನ್ನು ಉಳಿದಿರೋದು ಒಂದೇ ರೀಲು! ಯಾವುದಿಲ್ದೆ ಫೋಟೋ ಬರಲ್ವೋ ಅದನ್ನ ಕರೀ ಕಂಬಳೀಲಿ ಸುತ್ತಿ, ಕತ್ತಲೆ ಕೋಣೇಲಿಟ್ಟು, ಬಾಗಿಲು ಹಾಕಬೇಕು ಕಣೋ!"

"ಆಗಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮದುವೆಯ ದಿನ ಬಂತು. ಸಣ್ಣಮ್ಮನಿಗೆ ಕೈ ಬಿಡುವಿಲ್ಲ.

"ಬಸ್ಸು ಬಂತು ಕಣೋ! ಗಂಡನ್ನ ಕರ್ಕೊಂಡು ಬಾ! ಅವನಿಲ್ದೆ ಫೋಟೋನೇ ಇಲ್ಲ, ಜೋಪಾನ!"

ಮದುಮಗ ಬಸ್ಸಿನಿಂದ ಕಾಲು ಕೆಳಗಿಟ್ಟನೋ ಇಲ್ಲವೋ, ಮೇಲೆ ಕಂಬಳಿ ಬಿತ್ತು! ಕೆಂಪರಾಜ ಅವನನ್ನು ಹೆಗಲಿಗೇರಿಸಿ ಓಡಿದ. "ಯಾರ್ರೀ ಅದು? ಬಿಡ್ರೀ!" ಅಂತ ಕಂಬಳಿ ಕೂಗಿತು. ಅವನು ಬಿಟ್ಟರೆ ತಾನೇ! ಹಿತ್ತಿಲ ಉಗ್ರಾಣಕ್ಕೆ ತಳ್ಳಿ ಅಗುಳಿ ಹಾಕಿದ.

"ಗಂಡೆಲ್ಲಿ? ಮುಹೂರ್ತ ಮೀರ್ತಾ ಇದೆ!" ಅಂತ ಬೀಗರು ಹಾರಾಡಿದರು.

"ಜೋಪಾನವಾಗವ್ನೆ! ಉಗ್ರಾಣದಲ್ಲಿ!" ಅಂದ ಕೆಂಪರಾಜ.

ಸಣ್ಣಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮದುಮಗನ್ನ ಯಾರಾದ್ರೂ ಕೂಡಿ ಹಾಕ್ತಾರೇನೋ? ಬಾಗಿಲು ತೆಗಿ! ಬೆಳಕಿಗೆ ಬಿಡು!"

"ಆಗಲವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಅಂತೂ ತಾಳಿ ಬಿತ್ತು. ಮಾರಪ್ಪ ಕಟಕ್ ಕಟಕ್ ಅಂತ ಮೂವತ್ತಾರು ಫೋಟೋ ತೆಗೆದ. ಸಣ್ಣಮ್ಮನ ಕಣ್ಣು ತುಂಬಿತು. ಕ್ಯಾಮೆರಾವನ್ನು ಚೀಲಕ್ಕಿಟ್ಟು ಮಾರಪ್ಪ ಅಳಿಯ ಕೆಂಪರಾಜನ ಕೈಗೆ ಕೊಟ್ಟ.

"ಒಂದು ಗಳಿಗೆ ನೋಡ್ಕೊಳ್ಳೋ, ಕೈ ತೊಳೆದು ಬರ್ತೀನಿ. ನಿನ್ನ ಅಕ್ಕ, ಭಾವ ಇಬ್ಬರೂ ಇದರೊಳಗೇ ಅವ್ರೆ!"

ಒಳಗೆ? ಬಾಗಿಲು ಹಾಕಿದ ಡಬ್ಬಿಯೊಳಗೆ? ಕೆಂಪರಾಜ ಚೀಲ ಹಿಡಿದು ಬಿಸಿಲಿಗೆ ಓಡಿದ.

ಸಣ್ಣಮ್ಮ ಹೊರಗೆ ಬಂದಾಗ ಚಪ್ಪರದಾಚೆ, ಸುಡುಬಿಸಿಲಲ್ಲಿ, ಕ್ಯಾಮೆರಾದ ಹಿಂಬಾಗಿಲು ಹಾರುಹೊಡೆದಿತ್ತು. ರೀಲು ಮಾರುಗಟ್ಟಲೆ ನೆಲದ ಮೇಲೆ ಬಿದ್ದಿತ್ತು.

"ಅವ್ವಾ, ನೀನು ಹೇಳ್ದಂಗೇ ಮಾಡ್ದೆ!" ಕೆಂಪರಾಜ ಕುಣಿಯುತ್ತಾ ಪಂಕ್ತಿಯ ಕಡೆ ಕೈ ತೋರಿಸಿದ. "ಬಾಗಿಲು ತೆಗೆದೆ, ಬೆಳಕಿಗೆ ಬಿಟ್ಟೆ! ಅಲ್ನೋಡು, ಇಬ್ಬರೂ ಆಗ್ಲೇ ಆಚೆ ಬಂದು ಊಟಕ್ಕೆ ಕೂತವ್ರೆ!"