ಐದು ಸಾಗರ ದಾಟಿದ ಇರುವೆ

ಕಡಲತಡಿಯ ಶಾಲೆಯಲ್ಲಿ ಮೇಜಿನ ಮೇಲಿದ್ದ ಗ್ಲೋಬನ್ನು ಒಂದು ಇರುವೆ ಒಂದೇ ಮಧ್ಯಾಹ್ನದಲ್ಲಿ ಸುತ್ತಿ ಬಂದಿತು. ಐದು ಸಾಗರ ದಾಟಿದರೂ ಕಾಲು ಒದ್ದೆಯಾಗಿರಲಿಲ್ಲ. ಅಂದಿನಿಂದ ಅದು ಸಕ್ಕರೆ ಹೊರುವುದನ್ನು ಬಿಟ್ಟು, ಅಂಗಳದ ಗೂಡಿನಲ್ಲಿ ಪಂಡಿತನಾಗಿ ಕೂತು ಪಾಠ ಹೇಳತೊಡಗಿತು: "ಸಮುದ್ರವೆಂದರೆ ನುಣ್ಣಗಿನ ಒಣ ನೀಲಿ ನೆಲ. ಅದರ ಮೈಮೇಲೆ ದಪ್ಪ ಅಕ್ಷರದಲ್ಲಿ ಹೆಸರಿರುತ್ತದೆ."

ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಒಂದು ಮುದಿ ಇರುವೆ ಗೂಡಿಗೆಲ್ಲ ಕೇಳುವಂತೆ ಕೂಗಿತು: "ಇವತ್ತಿನ ಉಬ್ಬರಕ್ಕೆ ಗಾಳಿಯೂ ಸೇರಿಕೊಂಡಿದೆ. ಕಡಲು ಅಂಗಳಕ್ಕೆ ಬರುತ್ತದೆ. ಮೊಟ್ಟೆಗಳನ್ನು ಗೋಡೆಯ ಮೇಲಕ್ಕೆ ಸಾಗಿಸಿ!"

"ಅಜ್ಜೀ, ನೀನು ಎಷ್ಟು ಸಮುದ್ರ ದಾಟಿದ್ದೀಯ?" ಎಂದು ಪಂಡಿತ ಕೇಳಿತು.

"ಒಂದನ್ನೂ ದಾಟಿಲ್ಲ. ಒಂದರಿಂದ ತಪ್ಪಿಸಿಕೊಂಡಿದ್ದೇನೆ, ಅಷ್ಟೆ."

ಗೂಡಿಗೆ ಗೂಡೇ ನಕ್ಕಿತು. ಅಜ್ಜಿ ತನ್ನ ಪಾಲಿಗೆ ಒಂದು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿತು.

ಮಧ್ಯಾಹ್ನ ಅಲೆ ಬೇಲಿ ದಾಟಿ ಗೂಡಿಗೆ ನುಗ್ಗಿತು. ಮೊಟ್ಟೆಗಳು ತೇಲಿ ಹೋಗತೊಡಗಿದವು. "ಪಂಡಿತರೇ, ಇದೇನಿದು?" ಎಂದು ಇರುವೆಗಳು ಬೊಬ್ಬೆ ಹಾಕಿದವು.

ಕುತ್ತಿಗೆಮಟ್ಟದ ನೀರಿನಲ್ಲಿ ನಿಂತಿದ್ದ ಪಂಡಿತ ಗಂಭೀರವಾಗಿ ಸುತ್ತ ಕಣ್ಣಾಡಿಸಿತು.

"ಗಾಬರಿಯಾಗಬೇಡಿ. ಇದು ಸಮುದ್ರವಲ್ಲ. ಎಲ್ಲಿಯೂ ಹೆಸರು ಬರೆದಿಲ್ಲ."